ಉಳಿದವರ ಪಾಲಿನ ಕೆಲಸ

ಕ್ಯಾಪ್ಟನ್ ಸ್ಕಾಟ್ ಕತೆ ನಮ್ಮಲ್ಲಿ ತುಂಬ ಜನರಿಗೆ ಗೊತ್ತು. ದಕ್ಷಿಣ ಧ್ರುವಕ್ಕೆ ಹೊರಟರು, ನಾರ್ವೆಯ ಅಮುಂಡ್ಸೆನ್ ಮೊದಲೇ ಹೋಗಿ ಬಾವುಟ ನೆಟ್ಟಾಗಿತ್ತು, ವಾಪಸು ಬರುವಾಗ ಹಿಮದಲ್ಲೇ ಸತ್ತರು. ಆದರೆ ಎಂಟು ತಿಂಗಳಾದ ಮೇಲೆ ಅವರ ಡೇರೆ ಹುಡುಕಿ ಹೋದ ತಂಡದ ಮುಖ್ಯಸ್ಥರು ಒಬ್ಬ ನೌಕಾಪಡೆಯ ಡಾಕ್ಟರು ಅನ್ನೋದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಆ ಡಾಕ್ಟರು ಮುಂದೆ ಮೊದಲ ಮಹಾಯುದ್ಧಕ್ಕೆ ಹೋದರು, ಉರಿಯುವ ಹಡಗಿನೊಳಗಿಂದ ಜನರನ್ನು ಹೊತ್ತು ತಂದರು, ಕೊನೆಗೆ ಸಮುದ್ರದ ಮೇಲೆಯೇ ತೀರಿಕೊಂಡರು. ಹೆಸರು ಎಡ್ವರ್ಡ್ ಲೆಸ್ಟರ್ ಅಟ್ಕಿನ್ಸನ್.

ನಾನು ತುಮಕೂರು ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದವನು. ಸಮುದ್ರಕ್ಕೂ ನಮಗೂ ಏನು ಸಂಬಂಧ? ಕೆರೆ ಕೋಡಿ ಬಿದ್ದರೆ ಊರೆಲ್ಲ ನೋಡೋಕೆ ಹೋಗೋ ಸೀಮೆ ನಮ್ಮದು. ಅಟ್ಕಿನ್ಸನ್ ಮೇಲೆ ನನಗೆ ಅಭಿಮಾನ ಹುಟ್ಟಿದ್ದು ಸಮುದ್ರದಿಂದಲೂ ಅಲ್ಲ, ಹಿಮದಿಂದಲೂ ಅಲ್ಲ. ಒಂದು ಫೋಟೋದಿಂದ. ಸ್ಕಾಟ್ ತಂಡದ ಫೋಟೋಗ್ರಾಫರ್ ಪಾಂಟಿಂಗ್ 1911ರಲ್ಲಿ ಅಂಟಾರ್ಕ್ಟಿಕಾದ ಮರದ ಮನೆಯೊಳಗೆ ತೆಗೆದದ್ದು. ಅಟ್ಕಿನ್ಸನ್ ತಮ್ಮ ಪುಟ್ಟ ಪ್ರಯೋಗಾಲಯದಲ್ಲಿ ಬಾಟಲಿ, ಗಾಜಿನ ನಳಿಕೆಗಳ ನಡುವೆ ಕೂತಿದ್ದಾರೆ. ಆ ಮೂಲೆ ನೋಡಿದ ತಕ್ಷಣ ನನಗೆ ನಮ್ಮ ಆಸ್ಪತ್ರೆಯ ಲ್ಯಾಬ್ ಕಂಡಿತು. ಇಬ್ಬರು ನಿಂತರೆ ಮೂರನೆಯವರಿಗೆ ಜಾಗ ಇಲ್ಲದ ಲ್ಯಾಬ್.

ಅವರು ಅಲ್ಲಿ ಹುಡುಕುತ್ತಿದ್ದದ್ದು ಹುಳುಗಳನ್ನು. ಮೀನು, ಸೀಲ್, ಪೆಂಗ್ವಿನ್‌ಗಳ ಹೊಟ್ಟೆ ಕರುಳಲ್ಲಿರುವ ಹುಳುಗಳು. ಇಡೀ ಜಗತ್ತು ಧ್ರುವ ಯಾರು ಮೊದಲು ಮುಟ್ಟುತ್ತಾರೆ ಅಂತ ಕಾಯುತ್ತಿದ್ದರೆ ಈ ಮನುಷ್ಯ ಮೀನಿನ ಕರುಳು ಸೀಳಿಕೊಂಡು ಕೂತಿದ್ದರು. ನಾನೂ ಬದುಕೆಲ್ಲ ನೋಡಿದ್ದು ಅದನ್ನೇ. ಸ್ಲೈಡಿನ ಮೇಲೆ ಒಂದು ಹನಿ ಸಲೈನ್, ಕಡ್ಡಿಯ ತುದಿಯಲ್ಲಿ ಚೂರು ಮಲ, ಮೇಲೊಂದು ಕವರ್ ಸ್ಲಿಪ್. ಜಂತುಹುಳುವಿನ ಮೊಟ್ಟೆ ಕಂದು ಬಣ್ಣ, ಮೈಯೆಲ್ಲ ಉಬ್ಬುಬ್ಬು, ಒಂದು ಸಲ ನೋಡಿದರೆ ಮರೆಯುವಂತಿಲ್ಲ. ಕೊಕ್ಕೆಹುಳುವಿನದು ಹಾಗಲ್ಲ. ತೆಳ್ಳಗಿನ ಸಿಪ್ಪೆ, ಒಳಗೆ ನಾಲ್ಕು ಕೋಶ, ಬೆಳಕು ಸ್ವಲ್ಪ ಜಾಸ್ತಿ ಬಿಟ್ಟರೆ ಕಣ್ಣಿಗೇ ಬೀಳಲ್ಲ. ಕಡಲೆಕಾಯಿ ಹೊಲದಲ್ಲಿ ಬರಿಗಾಲಲ್ಲಿ ದುಡಿಯುವ ಹೆಂಗಸರು ಮುಖ ಬಿಳಿಚಿಕೊಂಡು ಬರುತ್ತಿದ್ದರು. ಮರಿಹುಳು ಅಂಗಾಲಿನಿಂದ ಒಳಗೆ ಹೋಗಿ, ಕರುಳಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತದೆ. ಈ ಕೆಲಸಕ್ಕೆ ಯಾರೂ ಶಾಲು ಹೊದಿಸಲ್ಲ. ಅಟ್ಕಿನ್ಸನ್ ಅವರನ್ನು ನಮ್ಮ ಕಡೆಯವರು ಅಂತ ನಾನು ಅಂದುಕೊಂಡಿದ್ದು ಅದಕ್ಕೇ.

ಹುಟ್ಟಿದ್ದು 1881ರಲ್ಲಿ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಓದಿ, 1908ರಲ್ಲಿ ಬ್ರಿಟಿಷ್ ನೌಕಾಪಡೆ ಸೇರಿದರು. ಬಾಕ್ಸಿಂಗ್ ಬಲ್ಲವರು, ಮಾತು ಕಡಿಮೆ. 1910ರಲ್ಲಿ ಟೆರಾ ನೋವಾ ಹಡಗಿನಲ್ಲಿ ಸ್ಕಾಟ್ ಜೊತೆ ಹೊರಟರು. 1911ರ ಜುಲೈನಲ್ಲಿ ಒಂದು ದಿನ ಹೊರಗಿಟ್ಟ ಥರ್ಮಾಮೀಟರ್ ನೋಡಿಕೊಂಡು ಬರ್ತೀನಿ ಅಂತ ಹಿಮಗಾಳಿಯಲ್ಲಿ ಹೋದವರು ದಾರಿ ತಪ್ಪಿ, ಗಂಟೆಗಟ್ಟಲೆ ಅಲೆದು, ಕೈ ಊದಿಸಿಕೊಂಡು ಬಂದರು. ಸ್ಕಾಟ್ ಇವರನ್ನು ಮುಂದೆ ತಂಡದ ನಾಯಕ ಮಾಡಬೇಕು ಅಂತ ಅಂದುಕೊಂಡಿರಲಿಲ್ಲ. ಆ ಜಾಗದಲ್ಲಿ ಇರಬೇಕಾದವರೆಲ್ಲ ಒಬ್ಬೊಬ್ಬರಾಗಿ ಅಲ್ಲಿ ಇಲ್ಲದಂತಾದರು. ಅಷ್ಟೇ.

ಅದು ಆದದ್ದು ಹೀಗೆ. 1912ರ ಫೆಬ್ರವರಿ. ಸ್ಕಾಟ್ ಅವರನ್ನು ಎದುರುಗೊಳ್ಳಲು ನಾಯಿಬಂಡಿ ಕಟ್ಟಿಕೊಂಡು ದಕ್ಷಿಣಕ್ಕೆ ಹೋಗಬೇಕಾಗಿದ್ದವರು ಅಟ್ಕಿನ್ಸನ್. ಅಷ್ಟರಲ್ಲಿ ಟಾಮ್ ಕ್ರೀನ್ ಎಂಬ ನಾವಿಕ ಸುಮಾರು 56 ಕಿಲೋಮೀಟರ್ ಒಬ್ಬನೇ ನಡೆದು ಬಂದು ಬಾಗಿಲಲ್ಲಿ ಬಿದ್ದ. ಜೇಬಿನಲ್ಲಿ ಇದ್ದದ್ದು ಮೂರು ಬಿಸ್ಕತ್ತು, ಎರಡು ಕಡ್ಡಿ ಚಾಕೊಲೇಟ್ ಮಾತ್ರ. ಉಪನಾಯಕ ಲೆಫ್ಟಿನೆಂಟ್ ಎವನ್ಸ್‌ಗೆ ತಾಜಾ ಆಹಾರ ಇಲ್ಲದೆ ಬರುವ ಸ್ಕರ್ವಿ ಕಾಯಿಲೆ ಹಿಡಿದಿದೆ, ಹಿಮದ ಮೇಲೆ ಸಾಯುತ್ತಾ ಮಲಗಿದ್ದಾರೆ ಅಂದ. ಅಟ್ಕಿನ್ಸನ್ ಗಾಳಿ ನಿಲ್ಲುವುದನ್ನೇ ಕಾದು, ಅದೇ ನಾಯಿಗಳನ್ನು ಓಡಿಸಿ ಎವನ್ಸ್‌ರನ್ನು ಕರೆತಂದರು. ರೋಗಿಯ ಸ್ಥಿತಿ ನೋಡಿದರೆ ಬಿಟ್ಟು ಹೋಗುವಂತಿಲ್ಲ. ಆದ್ದರಿಂದ ದಕ್ಷಿಣಕ್ಕೆ ತಮ್ಮ ಬದಲು ಚೆರ‍್ರಿ-ಗ್ಯಾರಾರ್ಡ್ ಎಂಬ ಹುಡುಗನನ್ನು ಕಳಿಸಿದರು. ಅವನಿಗೆ ಕಣ್ಣು ಮಂದ, ದಿಕ್ಕು ಲೆಕ್ಕ ಹಾಕಿ ನಡೆಸುವ ಅಭ್ಯಾಸ ಇಲ್ಲ. ಅವನು ದಾರಿಯಲ್ಲಿ ಆಹಾರ ಕೂಡಿಟ್ಟಿದ್ದ ದೊಡ್ಡ ದಾಸ್ತಾನಿನವರೆಗೆ ಹೋಗಿ, ದಿನಗಟ್ಟಲೆ ಕಾದು, ಮರಳಿದ. ಸ್ಕಾಟ್ ಮತ್ತು ಇಬ್ಬರು ಆಮೇಲೆ ಸತ್ತದ್ದು ಆ ದಾಸ್ತಾನಿಗೆ ಬರೀ 18 ಕಿಲೋಮೀಟರ್ ದೂರದಲ್ಲಿ.

ಡಾಕ್ಟರೇ ಹೋಗಿದ್ದರೆ ಸ್ಕಾಟ್ ಬದುಕುತ್ತಿದ್ದರಾ? ನೂರು ವರ್ಷದಿಂದ ಜನ ಇದನ್ನು ವಾದ ಮಾಡುತ್ತಲೇ ಇದ್ದಾರೆ. ಬೆಚ್ಚಗೆ ಕೂತು ವಾದ ಮಾಡುವುದು ಸುಲಭ. ನನ್ನ ಪ್ರಕಾರ ಅಲ್ಲಿ ಎರಡು ದಾರಿ ಇರಲೇ ಇಲ್ಲ. ಎದುರಿಗೆ ಉಸಿರಾಡುತ್ತಿರುವ ರೋಗಿ ಇದ್ದಾನೆ, ದೂರದಲ್ಲಿ ಇರುವವರ ಬಗ್ಗೆ ಆ ಹೊತ್ತಿಗೆ ಯಾವ ಕೆಟ್ಟ ಸುದ್ದಿಯೂ ಇಲ್ಲ. ಯಾವ ಡಾಕ್ಟರು ಎದ್ದು ಹೋಗ್ತಾರೆ? ಎವನ್ಸ್ ಬದುಕಿದರು. ಯುದ್ಧದಲ್ಲಿ ಹೆಸರು ಮಾಡಿ, ಅಡ್ಮಿರಲ್ ಆಗಿ, 1957ರವರೆಗೂ ಇದ್ದರು. ವಾದ ಮಾಡುವವರು ಈ ನಲವತ್ತೈದು ವರ್ಷವನ್ನೂ ತಕ್ಕಡಿಗೆ ಹಾಕಬೇಕಲ್ವಾ?

ನಮ್ಮ ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ನೆನಪಾಗುತ್ತದೆ. ಡಾಕ್ಟರು ಮೀಟಿಂಗಿಗೆ ಹೋಗಿದ್ದರು, ಆಂಬುಲೆನ್ಸ್ ಇನ್ನೆಲ್ಲೋ ಇತ್ತು. ಹುಣಸೆಹಣ್ಣು ಉದುರಿಸಲು ಮರ ಹತ್ತಿದ್ದವನೊಬ್ಬ ಬಿದ್ದು, ತೊಡೆ ಮೂಳೆ ಮುರಿದುಕೊಂಡು ಬಂದ. ಇದ್ದದ್ದು ಸಿಸ್ಟರ್, ನಾನು, ಗುಡಿಸುವ ಆಯಮ್ಮ. ಸಿಸ್ಟರ್ ಒಂದು ಗಳಿಗೆ ಬಾಗಿಲ ಕಡೆ ನೋಡಿದರು, ಯಾರಾದರೂ ಬರ್ತಾರೇನೋ ಅನ್ನೋ ಹಾಗೆ. ಆಮೇಲೆ ಸೆರಗು ಸಿಕ್ಕಿಸಿಕೊಂಡು, "ಅಣ್ಣಾ, ನೀವು ಪಾದ ಹಿಡ್ಕೊಂಡು ನೆಟ್ಟಗೆ ಎಳೀರಿ, ನಾನು ಹೇಳೋವರೆಗೂ ಬಿಡಬೇಡಿ" ಅಂದರು. ನನ್ನ ಕೈ ಅಲ್ಲಿಯವರೆಗೆ ಸ್ಲೈಡು ಬಿಟ್ಟು ಬೇರೇನೂ ಹಿಡಿದಿರಲಿಲ್ಲ. ಹಿಡಿದೆ. ಅಟ್ಕಿನ್ಸನ್ ಬಗ್ಗೆ ಓದುವಾಗೆಲ್ಲ ನನಗೆ ಸಿಸ್ಟರ್ ಬಾಗಿಲ ಕಡೆ ನೋಡಿದ ಆ ಒಂದು ನೋಟ ಕಣ್ಣಿಗೆ ಬರುತ್ತದೆ.

1912ರ ಚಳಿಗಾಲಕ್ಕೆ ಆ ಮರದ ಮನೆಯಲ್ಲಿ 13 ಜನ ಉಳಿದರು. ಸ್ಕಾಟ್ ಇನ್ನು ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಇನ್ನೊಂದು ಕಡೆ ಕ್ಯಾಂಬೆಲ್ ನೇತೃತ್ವದ ಆರು ಜನ ಉತ್ತರದಲ್ಲಿ ಎಲ್ಲೋ ಸಿಕ್ಕಿಕೊಂಡಿದ್ದಾರೆ, ಅವರು ಬದುಕಿದ್ದರೂ ಇರಬಹುದು. ಬೇಸಿಗೆ ಬಂದರೆ ಯಾರನ್ನು ಹುಡುಕಬೇಕು? ಸತ್ತವರನ್ನೋ, ಬದುಕಿರಬಹುದಾದವರನ್ನೋ? ಅಟ್ಕಿನ್ಸನ್ ಎಲ್ಲರನ್ನೂ ಕೂರಿಸಿ ಕೇಳಿದರು. ಕ್ಯಾಂಬೆಲ್ ತಂಡ ಬದುಕಿದ್ದರೆ ಕರಾವಳಿ ಹಿಡಿದು ತಾವೇ ಬರಬಲ್ಲರು, ಸ್ಕಾಟ್ ಏನಾದರು ಅಂತ ಮಾತ್ರ ನಾವು ಹೋಗದಿದ್ದರೆ ಯಾರಿಗೂ ಎಂದೂ ತಿಳಿಯುವುದಿಲ್ಲ, ಹೀಗೆ ತೀರ್ಮಾನವಾಯಿತು. ಕ್ಯಾಂಬೆಲ್ ತಂಡ ನವೆಂಬರ್ 7ರಂದು ತಾನಾಗಿಯೇ ನಡೆದು ಬಂತು. ಅಕಸ್ಮಾತ್ ಬರದೇ ಹೋಗಿದ್ದರೆ ಇತಿಹಾಸ ಅಟ್ಕಿನ್ಸನ್ ಅವರನ್ನು ಎಷ್ಟು ಬೈಯುತ್ತಿತ್ತೋ.

ಹುಡುಕಾಟಕ್ಕೆ ಹೊರಟಾಗ ಜೊತೆಗೆ ಏಳು ಹೇಸರಗತ್ತೆಗಳು. ಇವು ಭಾರತದವು! ಹಿಂದೂಸ್ತಾನದ ಸರ್ಕಾರ ಕೊಟ್ಟದ್ದು, ಶಿಮ್ಲಾ ಕಡೆ ಪಳಗಿಸಿ ಹಡಗಿಗೆ ಹತ್ತಿಸಿದ್ದು. ಹೆಸರು ಕೇಳಿ: ಲಾಲ್ ಖಾನ್, ಖಾನ್ ಸಾಹಿಬ್, ಗುಲಾಬ್, ಬೇಗಂ, ರಾಣಿ, ಅಬ್ದುಲ್ಲಾ, ಪ್ಯಾರಿ.

ಇದನ್ನು ನಾನು ನಮ್ಮ ಮಾವನಿಗೆ ಓದಿ ಹೇಳಿದೆ. ಅವರು ಕುಣಿಗಲ್‌ನವರು, ಕುದುರೆ ಫಾರಂನಲ್ಲಿ ಕುದುರೆ ನೋಡಿಕೊಂಡಿದ್ದವರು. ಟಿಪ್ಪು ಕಾಲದಿಂದ ಯುದ್ಧದ ಕುದುರೆ ಸಾಕಿದ ಜಾಗ ಅದು. ಸ್ಕಾಟು, ಧ್ರುವ ಯಾವುದಕ್ಕೂ ತಲೆ ಎತ್ತದವರು ಇದಕ್ಕೆ ಎತ್ತಿದರು.

"ಹೇಸರಗತ್ತೇನಾ? ಅಲ್ಲಿಗಾ? ಮೇವಿಗೇನು ಮಾಡಿದ್ರಪ್ಪಾ?"

"ಹಡಗಲ್ಲೇ ತಗೊಂಡು ಹೋಗಿದ್ರಂತೆ ಮಾವ. ಆದ್ರೆ ತಮ್ಮ ಮೇವು ಬಿಟ್ಟು ಹಗ್ಗ, ಟೀ ಚರಟ, ಮನುಷ್ಯರ ಊಟ ತಿಂತಿದ್ವಂತೆ."

"ತಿಂತವೆ. ಬೇಜಾರಾದ್ರೆ ಹಂಗೇ ಮಾಡ್ತವೆ. ಹಿಮದ ಬಿಸಿಲಿಗೆ ಕಣ್ಣು?"

"ಕನ್ನಡಕ ಮಾಡಿಸಿದ್ರಂತೆ."

ಮಾವ ತುಂಬ ಹೊತ್ತು ನಕ್ಕರು. "ಬೇಗಂಗೆ ಕನ್ನಡಕ!" ಅಂದರು. ಆಮೇಲೆ, ಆ ಡಾಕ್ಟರು ಅವನ್ನು ಚೆನ್ನಾಗಿ ನೋಡಿಕೊಂಡಿದ್ನಾ ಅಂತ ಕೇಳಿದರು. ಅವರಿಗೆ ಮನುಷ್ಯರನ್ನು ಅಳೆಯೋದಕ್ಕೆ ಗೊತ್ತಿರೋ ಅಳತೆ ಅದೊಂದೇ.

1912ರ ನವೆಂಬರ್ 12. ಹಿಮ ಮುಚ್ಚಿಕೊಂಡ ಡೇರೆಯ ತುದಿ ಕಂಡಿತು. ಒಳಗೆ ಸ್ಕಾಟ್, ಬೋವರ್ಸ್ ಮತ್ತು ವಿಲ್ಸನ್. ವಿಲ್ಸನ್ ಕೂಡ ಡಾಕ್ಟರು, ಅಟ್ಕಿನ್ಸನ್ ಅವರ ಹಿರಿಯ ಜೊತೆಗಾರರು. ಅಟ್ಕಿನ್ಸನ್ ಡೇರೆಯೊಳಗೆ ಕೂತು ಸ್ಕಾಟ್ ಅವರ ಡೈರಿಯನ್ನು ಓದಿದರು. ಆಮೇಲೆ ಹೊರಗೆ ಎಲ್ಲರನ್ನೂ ಸೇರಿಸಿ, ಏನಾಯಿತು ಅನ್ನುವುದನ್ನು ಗಟ್ಟಿಯಾಗಿ ಓದಿ ಹೇಳಿದರು. ಹೆಣಗಳನ್ನು ಅಲುಗಿಸಲಿಲ್ಲ. ಡೇರೆಯ ಬಿದಿರು ಗಳಗಳನ್ನು ತೆಗೆದು ಬಟ್ಟೆಯನ್ನೇ ಅವರ ಮೇಲೆ ಇಳಿಬಿಟ್ಟರು, ಮೇಲೆ ಹಿಮದ ಗುಡ್ಡೆ ಒಟ್ಟಿದರು, ಸ್ಕೀ ಹಲಗೆಗಳನ್ನು ಶಿಲುಬೆಯಾಗಿ ನೆಟ್ಟರು. ಸತ್ತವರು ಕೊನೆತನಕ ಎಳೆದು ತಂದಿದ್ದ 16 ಕಿಲೋ ಕಲ್ಲಿನ ಮಾದರಿಗಳನ್ನು ಬಿಡದೆ ತಂದರು. ಇದು ನನಗೆ ತುಂಬ ಹಿಡಿಸಿತು. ಸ್ಯಾಂಪಲ್ ಬಿಸಾಡಬಾರದು ಅಂತ ಲ್ಯಾಬಿನವರಿಗೆ ಬೇರೆ ಹೇಳಿಕೊಡಬೇಕಾಗಿಲ್ಲ.

ಊರಿಗೆ ಬಂದ ಮೇಲೆ ಮತ್ತೆ ಹುಳುವಿನ ಬೆನ್ನು ಹತ್ತಿದರು. 1914ರಲ್ಲಿ ಹುಳುಗಳ ಪಂಡಿತ ರಾಬರ್ಟ್ ಲೀಪರ್ ಜೊತೆ ಚೀನಾಕ್ಕೆ ಹೋದರು. ಬಸವನಹುಳುವಿನಿಂದ ನೀರಿಗೆ, ನೀರಿನಿಂದ ಚರ್ಮದ ಮೂಲಕ ಮನುಷ್ಯನ ಮೈಗೆ ಹತ್ತುವ ಒಂದು ಹುಳುವಿನ ಜಾಡು ಹಿಡಿಯಲು. ಹಡಗಿನವರು ನದಿ, ಕಾಲುವೆಗೆ ಇಳಿಯುವವರು, ಹಾಗಾಗಿ ನೌಕಾಪಡೆಗೂ ಅದು ಬೇಕಾಗಿತ್ತು. ಅಷ್ಟರಲ್ಲಿ ಯುದ್ಧ ಶುರುವಾಯಿತು, ವಾಪಸು ಬಂದರು.

ನೌಕಾಪಡೆಯ ಡಾಕ್ಟರ ಯುದ್ಧ ಅಂದರೆ ನಾವು ತೋಪು, ಗುಂಡು, ಮುರಿದ ಕೈಕಾಲು ಅಂದುಕೊಳ್ಳುತ್ತೇವೆ. ಅದು ಇದ್ದದ್ದೇ. ಆದರೆ 1915ರಲ್ಲಿ ಅಟ್ಕಿನ್ಸನ್ ಅವರನ್ನು ಟರ್ಕಿಯ ಗಲಿಪೊಲಿಗೆ ಕಳಿಸಿದ್ದು ನೊಣಗಳ ಮೇಲೆ. ಅಲ್ಲಿ ಹೆಣ ಹೂಳಲು ಬಿಡುವಿಲ್ಲ, ಪಾಯಿಖಾನೆ ಗುಂಡಿಗಳು ಬಾಯಿ ತೆರೆದುಕೊಂಡಿವೆ, ಬ್ರೆಡ್ಡಿಗೆ ಜಾಮ್ ಸವರಿ ಬಾಯಿಗಿಡುವಷ್ಟರಲ್ಲಿ ಅದು ಕಪ್ಪಾಗಿರುತ್ತದೆ. ಗುಂಡೇಟು ತಿಂದವರಿಗಿಂತ ರಕ್ತಭೇದಿ, ಜ್ವರ ಬಂದು ಹಡಗು ಹತ್ತಿದವರೇ ಅಲ್ಲಿ ಜಾಸ್ತಿ. ಕೊನೆಗೆ ಡಾಕ್ಟರೇ ಕಾಯಿಲೆ ಬಿದ್ದು ಹಿಂದಿರುಗಿದರು. ಗುಣವಾಗಿ ಫ್ರಾನ್ಸಿನ ಸೋಮ್ ರಣರಂಗಕ್ಕೆ ಹೋದರು. ಯುದ್ಧದ ಸೇವೆಗೆ ಕೊಡುವ ಡಿಎಸ್ಒ ಪದಕ ಬಂತು.

ಇನ್ನು ಗ್ಲಾಟನ್. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಎಚ್‌ಎಂಎಸ್ ಗ್ಲಾಟನ್ ಅನ್ನುವುದು ಮೊದಲು ನಾರ್ವೆ ದೇಶಕ್ಕೆಂದು ಕಟ್ಟುತ್ತಿದ್ದ ಯುದ್ಧನೌಕೆ. ಯುದ್ಧ ಬಂದಿದ್ದರಿಂದ ಬ್ರಿಟನ್ ತಾನೇ ಇಟ್ಟುಕೊಂಡಿತು. 1918ರ ಸೆಪ್ಟೆಂಬರ್‌ನಲ್ಲಿ ಕೆಲಸಕ್ಕೆ ಸಿದ್ಧವಾಗಿ ಡೋವರ್ ಬಂದರಿಗೆ ಬಂತು. ಇನ್ನೂ ಬಣ್ಣದ ವಾಸನೆ ಹೋಗದ ಹಡಗು. ಸೆಪ್ಟೆಂಬರ್ 16ರ ಸಂಜೆ ಅದರ ನಡುಭಾಗದ ಮದ್ದಿನ ಕೋಣೆ ಸಿಡಿಯಿತು. ಶತ್ರು ಯಾರೂ ಹತ್ತಿರ ಇರಲಿಲ್ಲ.

ಅಟ್ಕಿನ್ಸನ್ ತಮ್ಮ ಕ್ಯಾಬಿನ್‌ನಲ್ಲಿ ಕೆಲಸ ಮಾಡುತ್ತಿದ್ದರು. ಮೊದಲ ಸ್ಫೋಟಕ್ಕೆ ಎಚ್ಚರ ತಪ್ಪಿತು. ಎಚ್ಚರ ಬಂದಾಗ ಹೊರಗಿನ ಓಣಿ ತುಂಬ ಹೊಗೆ, ಬೆಂಕಿ. ಮೇಲೆ ಹೋಗಲು ಉಳಿದಿದ್ದು ಒಂದೇ ಏಣಿ. ಪ್ರಜ್ಞೆ ಇಲ್ಲದೆ ಬಿದ್ದಿದ್ದ ಇಬ್ಬರನ್ನು ಆ ಏಣಿಯ ಮೇಲೆ ಹೊತ್ತು ತಂದರು. ಅಷ್ಟು ಹೊತ್ತಿಗೆ ಅವರಿಗೆ ಏನೂ ಆಗಿರಲಿಲ್ಲ. ಅಲ್ಲೇ ನಿಲ್ಲಬಹುದಿತ್ತು, ಯಾರೂ ಏನೂ ಕೇಳುತ್ತಿರಲಿಲ್ಲ. ಮತ್ತೆ ಇಳಿದರು. ಮೂರನೆಯವನನ್ನು ಹೊತ್ತು ಏಣಿಯ ಮೇಲಿದ್ದಾಗ ಇನ್ನೊಂದು ಸಿಡಿತ. ಕಣ್ಣು ಕಾಣದಾಯಿತು. ಒಂದು ಲೋಹದ ಚೂರು ಎಡಗಾಲಿಗೆ ಹೊಕ್ಕು, ಕಾಲು ಎತ್ತಿಡಲು ಬಾರದಂತಾಯಿತು. ತಾವೇ ಅದನ್ನು ಕಿತ್ತು ತೆಗೆದರು. ಮೂರನೆಯವನನ್ನು ಮೇಲೆ ಮಲಗಿಸಿದರು. ಆಮೇಲೆ ಏನೂ ಕಾಣದೆ, ಬರೀ ಕೈಯಿಂದ ತಡಕಾಡುತ್ತಾ ಹಡಗಿನ ಮುಂದಕ್ಕೆ ಹೋಗಿ ಇನ್ನಿಬ್ಬರನ್ನು ಹುಡುಕಿ ಎಳೆದು ತಂದರು. ಕೊನೆಗೆ ಅವರೇ ಮೇಲಿನ ಅಟ್ಟದ ಮೇಲೆ ಅರೆಪ್ರಜ್ಞೆಯಲ್ಲಿ ಬಿದ್ದಿದ್ದರು. ಮೈ ಸುಟ್ಟಿತ್ತು. ಬದುಕುತ್ತಾರೆ ಅನ್ನುವ ಭರವಸೆ ಯಾರಿಗೂ ಇರಲಿಲ್ಲ.

ಒಂದು ವಿಷಯ ಬಿಡಿಸಿ ಹೇಳಲೇಬೇಕು. ನೆಲದ ಮೇಲೆ ಯುದ್ಧ ಆದರೆ ಗಾಯಗೊಂಡವರನ್ನು ಹಿಂದಕ್ಕೆ ಸಾಗಿಸುತ್ತಾರೆ. ಹಿಂದೆ ಒಂದು ಡೇರೆ, ಅದರ ಹಿಂದೆ ಆಸ್ಪತ್ರೆ, ಅದರ ಹಿಂದೆ ಊರು. ಹಡಗಿನಲ್ಲಿ ಹಿಂದೆ ಅನ್ನೋದೇ ಇಲ್ಲ. ರೋಗಿ, ಡಾಕ್ಟರು, ಔಷಧಿ, ಮದ್ದುಗುಂಡು ಎಲ್ಲ ಒಂದೇ ಕಬ್ಬಿಣದ ಪೆಟ್ಟಿಗೆಯಲ್ಲಿ. ಹಡಗಿಗೆ ಬೆಂಕಿ ಬಿದ್ದರೆ ಆಸ್ಪತ್ರೆಗೂ ಬಿತ್ತು. ಗಾಯಕ್ಕೆ ಕಟ್ಟು ಹಾಕುವವನೇ ಮೊದಲ ಗಾಯಾಳು ಆಗಬಹುದು.

ಗ್ಲಾಟನ್ ಹತ್ತಿರದಲ್ಲೇ ಮದ್ದುಗುಂಡು ತುಂಬಿದ ಇನ್ನೊಂದು ಹಡಗು ನಿಂತಿತ್ತು. ಅದಕ್ಕೂ ಹತ್ತಿದರೆ ಡೋವರ್ ಊರಿಗೇ ಕೇಡು. ವೈಸ್ ಅಡ್ಮಿರಲ್ ರೋಜರ್ ಕೀಸ್ ತಮ್ಮದೇ ಹಡಗಿಗೆ ಟಾರ್ಪೆಡೊ ಹೊಡೆಸಿ ಮುಳುಗಿಸಿದರು. ಒಳಗೆ ಇನ್ನೂ ಜನ ಸಿಕ್ಕಿಕೊಂಡಿದ್ದಾಗಲೇ. ಅಟ್ಕಿನ್ಸನ್ ತಡಕಾಡಿ ಹುಡುಕದೇ ಹೋಗಿದ್ದರೆ ಆ ಇಬ್ಬರ ಕತೆ ಏನಾಗುತ್ತಿತ್ತು ಅಂತ ಬೇರೆ ಹೇಳಬೇಕಾಗಿಲ್ಲ.

ಕಾರಣ ಏನು ಗೊತ್ತಾ? ವಿಚಾರಣೆ ನಡೆಸಿದವರು ಇದರ ಜೋಡಿ ಹಡಗು ಗೋರ್ಗನ್‌ನ ಗೋಡೆ ಬಿಚ್ಚಿ ನೋಡಿದರು. ಬಾಯ್ಲರ್ ಕೋಣೆಗೂ ಮದ್ದಿನ ಕೋಣೆಗೂ ನಡುವೆ ಶಾಖ ತಡೆಯಲು ಕಾರ್ಕ್ ತುಂಬಬೇಕಾದ ಕಡೆ ಮಡಚಿಟ್ಟ ನ್ಯೂಸ್‌ಪೇಪರ್ ಸಿಕ್ಕಿತು! ಗ್ಲಾಟನ್‌ನಲ್ಲೂ ಹಾಗೇ ಆಗಿ, ಬಿಸಿ ಬೂದಿ ಗೋಡೆಗೆ ಒಟ್ಟಿದಾಗ ಹೊತ್ತಿಕೊಂಡಿರಬೇಕು ಅಂತ ಅಂದಾಜು. ಕಳಪೆ ಕಾಮಗಾರಿ ಬರೀ ನಮ್ಮ ಚರಂಡಿಗಳ ಸ್ವತ್ತು ಅಂತ ಅಂದುಕೊಂಡಿದ್ದೆ.

ಈ ಘಟನೆಯಾಗಿ ವಾರಕ್ಕೆ, ಸೆಪ್ಟೆಂಬರ್ 23ರಂದು, ನಮ್ಮ ಮೈಸೂರು ಸಂಸ್ಥಾನದ ಅಶ್ವದಳ ಮೈಸೂರು ಲ್ಯಾನ್ಸರ್ಸ್ ಜೋಧಪುರದವರ ಜೊತೆ, ಈಗ ಇಸ್ರೇಲಿನಲ್ಲಿರುವ ಹೈಫಾದಲ್ಲಿ ಈಟಿ ಹಿಡಿದು ಕುದುರೆ ನುಗ್ಗಿಸಿದರು. ಅದಕ್ಕೆ ಸ್ಮಾರಕಗಳಿವೆ, ಇರಲೇಬೇಕು. ನುಗ್ಗಿದ್ದು ಎಲ್ಲರಿಗೂ ಕಾಣುತ್ತದೆ. ಹೊಗೆಯೊಳಗೆ ಏಣಿ ಇಳಿದದ್ದನ್ನು ನೋಡಲು ಯಾರೂ ಇರಲಿಲ್ಲ. ಆದರೂ ಅಟ್ಕಿನ್ಸನ್ ಅವರಿಗೆ ಆಲ್ಬರ್ಟ್ ಪದಕ ಬಂತು ಅನ್ನೋದು ಸಮಾಧಾನ. ಅದು ಶತ್ರುವಿನ ಎದುರು ತೋರಿದ ಶೌರ್ಯಕ್ಕೆ ಕೊಡುತ್ತಿದ್ದ ಪದಕ ಅಲ್ಲ, ಜೀವ ಉಳಿಸಿದ್ದಕ್ಕೆ ಕೊಡುತ್ತಿದ್ದದ್ದು. ಡಾಕ್ಟರಿಗೆ ಇದಕ್ಕಿಂತ ಒಪ್ಪುವ ಪದಕ ಯಾವುದಿದೆ?

ಅವರು ಬದುಕಿಕೊಂಡರು, ನೌಕಾಪಡೆಯಲ್ಲೇ ಮುಂದುವರಿದರು. 1928ರಲ್ಲಿ ಹೆಂಡತಿ ತೀರಿಕೊಂಡರು. ಹಿಮ, ಯುದ್ಧ, ಬೆಂಕಿ ಯಾವುದಕ್ಕೂ ಬಗ್ಗದ ಮನುಷ್ಯ ಆಗ ಕುಸಿದು ಹೋದರು. ಸ್ವಲ್ಪ ಕಾಲದಲ್ಲೇ ಚೇತರಿಸಿಕೊಂಡು ಮತ್ತೆ ಮದುವೆಯಾದರು, ಕ್ಯಾಪ್ಟನ್ ದರ್ಜೆಗೆ ಬಡ್ತಿಯೂ ಬಂತು. ಕೆಲವೇ ತಿಂಗಳು. 1929ರ ಫೆಬ್ರವರಿ 20ರಂದು ಇಂಗ್ಲೆಂಡಿಗೆ ಮರಳುವ ಹಡಗಿನಲ್ಲಿ, ಮೆಡಿಟರೇನಿಯನ್ ಸಮುದ್ರದಲ್ಲಿ ಇದ್ದಕ್ಕಿದ್ದಂತೆ ಹೋಗಿಬಿಟ್ಟರು. ವಯಸ್ಸು 47. ಸಮುದ್ರಕ್ಕೇ ಒಪ್ಪಿಸಿದರು.

ನನ್ನ ಹೆಂಡತಿಗೆ ಇದೊಂದು ಸರಿಬರಲಿಲ್ಲ. "ಸಮಾಧಿನೇ ಇಲ್ವಾ? ವರ್ಷಕ್ಕೊಂದ್ಸಲ ಎಲ್ಲಿಗೆ ಹೋಗಿ ಎಡೆ ಇಡ್ತಾರೆ?" ಅಂದಳು. ನಾವಿಕರ ಪದ್ಧತಿ ಹಾಗೇ, ದೇಹವನ್ನು ಕ್ಯಾನ್ವಾಸಿನಲ್ಲಿ ಹೊಲಿದು, ಕಾಲ ಬಳಿ ಭಾರ ಕಟ್ಟಿ ಇಳಿಸುತ್ತಾರೆ ಅಂದೆ. ಅವಳು ತಲೆ ಆಡಿಸಿದಳು, ಒಪ್ಪಲಿಲ್ಲ. ಸ್ಕಾಟ್ ಅವರಿಗೆ ಹಿಮದ ಗುಡ್ಡೆ ಕಟ್ಟಿದ ಮನುಷ್ಯನಿಗೆ ತಾನು ಒಂದು ಹಿಡಿ ಮಣ್ಣೂ ಇಲ್ಲದೆ ಹೋಗುವುದು ಅವಳಿಗೆ ಅನ್ಯಾಯ ಅನ್ನಿಸಿತು. ನನಗೆ ಅಷ್ಟು ಅನ್ನಿಸುವುದಿಲ್ಲ.

ಅಂಟಾರ್ಕ್ಟಿಕಾಕ್ಕೆ ಹೋಗಿಬಂದ ಹಲವರು ದಪ್ಪ ದಪ್ಪ ಪುಸ್ತಕ ಬರೆದರು. ಅಟ್ಕಿನ್ಸನ್ ತಮ್ಮ ಕತೆಯನ್ನು ಹಾಗೆ ಬರೆದುಕೊಳ್ಳಲಿಲ್ಲ. ಆದರೆ ಯುದ್ಧದ ನಡುವೆಯೇ, 1915ರಲ್ಲಿ, ಲೀಪರ್ ಜೊತೆ ಅವರ ಹೆಸರಿನಲ್ಲಿ ಒಂದು ವರದಿ ಅಚ್ಚಾಯಿತು. ಟೆರಾ ನೋವಾ ಯಾನದಲ್ಲಿ ಸಿಕ್ಕ ಪರಾವಲಂಬಿ ಹುಳುಗಳ ವರದಿ. ಅವರ ಡೈರಿ ಸಿಕ್ಕರೆ ಓದುತ್ತೀಯಾ ಅಂತ ಕೇಳಿದರೆ ಓದುತ್ತೇನೆ. ಆದರೆ ನನಗೆ ಮೊದಲು ಬೇಕಾದದ್ದು ಆ ವರದಿ. ಸೀಲಿನ ಕರುಳಲ್ಲಿ ಕೊಕ್ಕೆಯಿಂದ ಕಚ್ಚಿಕೊಂಡಿದ್ದು ಯಾವುದು, ಪೆಂಗ್ವಿನ್ ಹೊಟ್ಟೆಯಲ್ಲಿ ಇದ್ದದ್ದು ಯಾವುದು, ಬಾಯಿಯ ಆಕಾರ ಹೇಗೆ, ಮೊಟ್ಟೆ ಎಷ್ಟು ದೊಡ್ಡದು. ಚಿತ್ರಗಳೂ ಇರಬೇಕಲ್ವಾ? ಸಿಕ್ಕರೆ ಒಂದು ಮಧ್ಯಾಹ್ನ ಪೂರ್ತಿ ಅದಕ್ಕೇ ಇಟ್ಟುಕೊಂಡು ಕೂರುತ್ತೇನೆ.